ಎರಡು ಜಪಾನಿ ವಾಚು, ಒಂದು ರಬ್ಬರ್ ರಿಂಗು

ಕೋಡ್ ಬರೆದು ಹೊಟ್ಟೆ ಹೊರೆಯುವವನಿಗೆ ವಾಚು ಬೇಕಾಗಿಲ್ಲ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಒಂದು ಟೈಮು, ಫೋನಿನಲ್ಲಿ ಇನ್ನೊಂದು, ಮೀಟಿಂಗಿಗೆ ತಡವಾದರೆ ಮ್ಯಾನೇಜರ್ ಹೇಳುವ ಟೈಮು ಮತ್ತೊಂದು. ಆದರೂ ಈ ಮಳೆಗಾಲದ ಎರಡು ತಿಂಗಳು ನಾನು ಎರಡು ವಾಚುಗಳ ನಡುವೆ ತೂಗಾಡುತ್ತಿದ್ದೆ. ಎರಡೂ ಜಪಾನಿನವು, ಎರಡೂ ಆಟೋಮ್ಯಾಟಿಕ್, ಎರಡೂ ಕಡಲಿಗೆ ಇಳಿಯುವವರಿಗೆಂದೇ ಮಾಡಿದ್ದು. ಒಂದು ಸೀಕೋ ಪ್ರೊಸ್ಪೆಕ್ಸ್, ವಾಚು ಹುಚ್ಚಿನವರು ‘ಟರ್ಟಲ್’ ಅಂತ ಕರೆಯುವ ಆಮೆಯಾಕಾರದ್ದು. ಇನ್ನೊಂದು ಸಿಟಿಜನ್ ಪ್ರೋಮಾಸ್ಟರ್ ಎನ್‌ವೈ 0040.

ವಾಚು ನನಗಲ್ಲ, ತಮ್ಮನಿಗೆ. ಹುಬ್ಬಳ್ಳಿಯ ಆಡಿಟ್ ಆಫೀಸಿನ ಕೆಲಸ ಬಿಟ್ಟು ಬಂದು ಅವನು ಮುರ್ಡೇಶ್ವರದಲ್ಲಿ ಡೈವಿಂಗ್ ಬೋಟಿಗೆ ಸೇರಿಕೊಂಡು ಮೂರು ಸೀಸನ್ ಆಯಿತು. ಅಕ್ಟೋಬರಿನಿಂದ ಮೇವರೆಗೆ ದಿನಾ ಬೆಳಗ್ಗೆ ನೇತ್ರಾಣಿ ದ್ವೀಪಕ್ಕೆ ಹೋಗುವುದು, ಬೆಂಗಳೂರಿನಿಂದ ಬಂದವರ ಕೈ ಹಿಡಿದು ನೀರೊಳಗೆ ಮೀನು ತೋರಿಸುವುದು, ಸಂಜೆ ಸಿಲಿಂಡರ್ ತೊಳೆಯುವುದು. ಭಟ್ಕಳ ತಾಲ್ಲೂಕಿನ ದಡದಿಂದ ಸುಮಾರು 19 ಕಿಲೋಮೀಟರ್ ಆಚೆ ಇರುವ ಈ ದ್ವೀಪಕ್ಕೆ ಬೋಟಿನಲ್ಲಿ ಒಂದರಿಂದ ಒಂದೂವರೆ ಗಂಟೆಯ ದಾರಿ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲೆ ಬಯಲುಸೀಮೆಯವರಿಗೂ ನೇತ್ರಾಣಿ ಹೆಸರು ಚೆನ್ನಾಗಿಯೇ ಗೊತ್ತಾಗಿದೆ. ನಮ್ಮ ಅಪ್ಪನಿಗೆ ಮಾತ್ರ ಅದು ಇವತ್ತಿಗೂ ‘ಆ ಗುಡ್ಡ’. ಮಗನ ಕೆಲಸದ ಬಗ್ಗೆ ಮೂರು ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ಅವರು ಕೇಳಿರಲಿಲ್ಲ. ಊಟಕ್ಕೆ ಕೂತಾಗ ‘ಬೋಟು ಬಂತಾ?’ ಅಂತ ಆಯಿಯ ಹತ್ತಿರ ಕೇಳುತ್ತಿದ್ದರು, ಅಷ್ಟೇ.

ವಾಚಿನ ಮಾತು ಬಂದದ್ದು ಕಳೆದ ಸೀಸನ್ನಿನ ಕೊನೆಗೆ. ಈಗಿನ ಡೈವರ್‌ಗಳೆಲ್ಲ ಕೈಗೆ ಡೈವ್ ಕಂಪ್ಯೂಟರ್ ಕಟ್ಟುತ್ತಾರೆ. ಎಷ್ಟು ಆಳ, ಎಷ್ಟು ಹೊತ್ತು, ಇನ್ನೆಷ್ಟು ನಿಮಿಷ ಕೆಳಗಿರಬಹುದು ಎಂಬುದನ್ನೆಲ್ಲ ಅದೇ ಲೆಕ್ಕ ಹಾಕುತ್ತದೆ. ಇದು ಸಣ್ಣ ಲೆಕ್ಕವಲ್ಲ. ಆಳದಲ್ಲಿ ಉಸಿರಾಡುವ ಗಾಳಿಯ ಸಾರಜನಕ ಒತ್ತಡದಿಂದ ಮೈಯೊಳಗೆ ಕರಗುತ್ತಾ ಹೋಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ತಟ್ಟನೆ ತೆಗೆದರೆ ಏನಾಗುತ್ತದೋ, ಕೆಳಗಿದ್ದವನು ಅವಸರದಲ್ಲಿ ಮೇಲೆ ಬಂದರೆ ಮೈಯೊಳಗೆ ಅದೇ ಆಗುತ್ತದೆ. ಅದಕ್ಕೇ ನಿಧಾನಕ್ಕೆ ಬರಬೇಕು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ತಮ್ಮನ ಕೈಯಲ್ಲಿದ್ದದ್ದು ಬಾಡಿಗೆಯ ಕಂಪ್ಯೂಟರು. ಒಂದು ದಿನ ಎರಡನೇ ಡೈವಿನ ನಡುವೆ ಅದರ ಪರದೆ ಕಪ್ಪಾಯಿತು. ಕಲಿಸಿದ ನಿಯಮದ ಪ್ರಕಾರ ಜೊತೆಗಿದ್ದವರನ್ನು ಕರೆದುಕೊಂಡು ನಿಧಾನಕ್ಕೆ ಮೇಲೆ ಬಂದ. ಆ ಮೂರು ನಿಮಿಷವನ್ನು ಮಾತ್ರ ಬೋಟಿನ ಹಗ್ಗ ಹಿಡಿದುಕೊಂಡು, ಮನಸ್ಸಿನಲ್ಲೇ ಎಣಿಸಿ ಮುಗಿಸಿದನಂತೆ. ಊಟದ ಹೊತ್ತಿಗೆ ನಗುತ್ತಾ ಹೇಳಿದ. ಸಾಂಬಾರು ಬಡಿಸುತ್ತಿದ್ದ ಆಯಿಯ ಸೌಟು ಅಲ್ಲೇ ನಿಂತಿತು.

‘ಬ್ಯಾಟರಿ ಇಲ್ಲದ ವಾಚು ಒಂದು ಕೊಡಿಸು’ ಅಂದ ತಮ್ಮ. ಅವನು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ತಿಳಿದವರು ನಗುತ್ತಾರೆ. ಬರೀ ಬುದ್ಧಿಯಿಂದ ನೋಡಿದರೆ ಆಟೋಮ್ಯಾಟಿಕ್ ವಾಚು ಬೇಕಿಲ್ಲ. ಬೆಳಕಿನಿಂದಲೇ ಚಾರ್ಜ್ ಆಗುವ ಸಿಟಿಜನ್ನಿನ ಇಕೋ-ಡ್ರೈವ್ ಇದೆ, ಸೀಕೋದಲ್ಲೂ ಸೋಲಾರ್ ಇದೆ. ಎರಡೂ ಆಟೋಮ್ಯಾಟಿಕ್‌ಗಿಂತ ಸರಿಯಾದ ಸಮಯ ತೋರಿಸುತ್ತವೆ. ಆದರೆ ತಮ್ಮನ ಆಸೆ ಬೇರೆ. ಅಪ್ಪನ ಕೈಯಲ್ಲಿರುವ ಹಾಗೆ, ಕೈ ಅಲುಗಿದರೆ ಓಡುವ ವಾಚು ಬೇಕು ಅವನಿಗೆ. ವಾಚಿನೊಳಗೆ ಅರ್ಧಚಂದ್ರದಂಥ ಒಂದು ತೂಕ ಇರುತ್ತದೆ. ಕೈ ಆಡಿದ ಹಾಗೆ ಅದು ಸುತ್ತಿ ಸುತ್ತಿ ಸ್ಪ್ರಿಂಗಿಗೆ ಕೀ ಕೊಡುತ್ತದೆ. ಆ ಆಸೆಗೆ ನಾನು ತರ್ಕ ಹಚ್ಚಲಿಲ್ಲ.

ಅಪ್ಪನದು ಸೀಕೋ ಫೈವ್. 1992ರಲ್ಲಿ ಭಟ್ಕಳದಲ್ಲಿ ಕೊಂಡದ್ದು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಭಟ್ಕಳದ ಮನೆಮನೆಯಿಂದ ಗಲ್ಫಿಗೆ ದುಡಿಯಲು ಹೋದರು. ಅವರ ಪೆಟ್ಟಿಗೆಗಳಲ್ಲಿ ಅತ್ತರು, ಟಾರ್ಚು, ಟೇಪ್‌ರೆಕಾರ್ಡರ್, ಸೀಕೋ ವಾಚು ಬಂದವು. ಹೊನ್ನಾವರ, ಕುಮಟಾದವರು ಮದುವೆ ಗೊತ್ತಾದರೆ ‘ಫಾರಿನ್ ಸಾಮಾನಿಗೆ’ ಭಟ್ಕಳಕ್ಕೆ ಹೋಗುತ್ತಿದ್ದರು. 1963ರಲ್ಲಿ ಜಪಾನಿನಲ್ಲಿ ಹುಟ್ಟಿದ ಸೀಕೋ ಫೈವ್ ಹಾಗೆ ನಮ್ಮ ಪ್ರೈಮರಿ ಶಾಲೆಯ ಮಾಸ್ತರರ ಕೈಗೂ ಬಂತು. ಅದು ಈಗಲೂ ಓಡುತ್ತದೆ, ದಿನಕ್ಕೆ ಒಂದು ನಿಮಿಷ ಮುಂದೆ. ಅಪ್ಪ ಬೆಳಗ್ಗೆ ರೇಡಿಯೋ ವಾರ್ತೆಯ ‘ಪಿಪ್ ಪಿಪ್’ ಕೇಳಿ ಸರಿಮಾಡಿಕೊಳ್ಳುತ್ತಾರೆ. ಹಾಗಾಗಿ ಮನೆಯ ಮೊದಲ ತೀರ್ಪು ‘ಸೀಕೋ ತಗಳಿ’ ಎಂದೇ ಆಯಿತು. ಯಾರ ಕೈಗೆ, ಯಾಕೆ ಅಂತ ಅಪ್ಪ ಕೇಳಲಿಲ್ಲ.

ಎರಡನೇ ತೀರ್ಪು ಕುಮಟಾದಿಂದ ಬಂತು. ಅಲ್ಲಿ ನಮ್ಮ ಕುಟುಂಬದ ವಾಚುಗಳನ್ನೆಲ್ಲ ನೋಡುವ ಒಬ್ಬ ಅಜ್ಜ ಇದ್ದಾರೆ. ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಅಷ್ಟೇ ಅಂಗಡಿ. ಮಗ ಪಕ್ಕದಲ್ಲೇ ಮೊಬೈಲ್ ರಿಪೇರಿ ಇಟ್ಟಿದ್ದಾನೆ. ಗಿರಾಕಿ ಎಲ್ಲ ಆ ಕಡೆ. ನಾನು ಫೋನಿನಲ್ಲಿ ಎರಡೂ ವಾಚಿನ ಚಿತ್ರ ತೋರಿಸಿದೆ. ‘ಸಿಟಿಜನ್ ತಗ ತಮಾ’ ಅಂದರು, ಯೋಚನೆಯೇ ಮಾಡದೆ. ‘ನಾ ಕೆಲಸ ಕಲಿತದ್ದೇ ಎಚ್‌ಎಂಟಿ ಬಿಚ್ಚಿ. ಅದ್ರ ಗುರು ಇವ್ನೇ ಅಲ್ದಾ?’

ಅದು ನಿಜ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದದ್ದು ಸಿಟಿಜನ್ ಕಂಪೆನಿಯ ಸಹಯೋಗದಲ್ಲೇ. ನಮ್ಮ ಅಜ್ಜಂದಿರು ಹೆಮ್ಮೆಯಿಂದ ಕೀ ಕೊಟ್ಟ ‘ಜನತಾ’, ಮದುವೆ ಗಂಡಿಗೆ ಕೊಡಲೇಬೇಕಾಗಿದ್ದ ಬಂಗಾರದ ಬಣ್ಣದ ‘ಕಾಂಚನ’, ಎಲ್ಲದರ ಹಿಂದೆ ಜಪಾನಿನ ಆ ಪಾಠ ಇತ್ತು. ಸೀಕೋಗೂ ಭಾರತದ ನಂಟು ಇಲ್ಲದಿಲ್ಲ. ಹೈದರಾಬಾದಿನ ಆಲ್ವಿನ್ ವಾಚುಗಳು ಬಂದದ್ದು ಸೀಕೋ ಸಹಯೋಗದಿಂದ. ಆದರೆ ಎಚ್‌ಎಂಟಿ ನಮ್ಮ ರಾಜ್ಯದ್ದು, ಬೆಂಗಳೂರು, ತುಮಕೂರಿನಲ್ಲಿ ಸಾವಿರಾರು ಜನ ಅದರಲ್ಲಿ ಬದುಕು ಕಟ್ಟಿಕೊಂಡಿದ್ದರು. 2016ರಲ್ಲಿ ಸರಕಾರ ಅದನ್ನು ಮುಚ್ಚಲು ತೀರ್ಮಾನಿಸಿದಾಗ ಅಜ್ಜ ಗಾಜಿನ ಪೆಟ್ಟಿಗೆಯಲ್ಲಿದ್ದ ಹೊಸ ಎಚ್‌ಎಂಟಿಗಳನ್ನೆಲ್ಲ ಒಳಗೆ ಎತ್ತಿಟ್ಟರಂತೆ. ಮಾರುವುದಿಲ್ಲ.

ಮನೆ ಹೊನ್ನಾವರ, ಸೀಕೋ ಪಕ್ಷ ಭಟ್ಕಳ, ಸಿಟಿಜನ್ ಪಕ್ಷ ಕುಮಟಾ. ನಡುವೆ ನಾನು. ಇಂಜಿನಿಯರಿಂಗ್ ಓದಿದವನಿಗೆ ಇಂಥ ಹೊತ್ತಿನಲ್ಲಿ ಒಂದೇ ದಾರಿ, ಎಕ್ಸೆಲ್ ಶೀಟು.

ಶೀಟಿನಲ್ಲಿ ಬರೆಯುತ್ತಾ ಹೋದ ಹಾಗೆ ತಮಾಷೆ ಗೊತ್ತಾಯಿತು. ಎರಡೂ ಗಂಟೆಗೆ 21,600 ಸಲ ಬಡಿಯುತ್ತವೆ. ಬಿಚ್ಚಿಟ್ಟರೆ ಎರಡೂ ನಲವತ್ತು ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಎರಡಕ್ಕೂ ಕೈಯಿಂದ ಕೀ ಕೊಡಬಹುದು. ಎರಡರಲ್ಲೂ ವಾರ, ತಾರೀಖು. ಸೀಕೋದ 4ಆರ್36 ಮೆಷಿನ್ ದಿನಕ್ಕೆ 45 ಸೆಕೆಂಡ್ ಮುಂದೆ ಅಥವಾ 35 ಸೆಕೆಂಡ್ ಹಿಂದೆ ಹೋಗಬಹುದು ಎಂದು ಕಂಪೆನಿಯೇ ಹೇಳುತ್ತದೆ. ಸಿಟಿಜನ್ 40 ಮುಂದೆ, 20 ಹಿಂದೆ. ಕಾಗದದ ಮೇಲೆ ಸಿಟಿಜನ್ ಮೇಲು. ಆದರೆ ತಮ್ಮ ನೀರೊಳಗೆ ಇರುವುದು ನಲವತ್ತು ನಿಮಿಷ. ದಿನಕ್ಕೆ 45 ಸೆಕೆಂಡ್ ತಪ್ಪುವ ವಾಚು ಆ ನಲವತ್ತು ನಿಮಿಷದಲ್ಲಿ ತಪ್ಪುವುದು ಸುಮಾರು ಒಂದೂಕಾಲು ಸೆಕೆಂಡ್. ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ದಂಡ.

ಹಾಗಾದರೆ ರಿಪೇರಿ? ಅಜ್ಜನ ವಾದಕ್ಕೆ ತೂಕವಿತ್ತು. ಆದರೆ ಕೆದಕಿ ನೋಡಿದರೆ ಅಲ್ಲೂ ಎರಡೂ ಸಮ. ಸಿಟಿಜನ್ ಬಳಗದ ಮಿಯೋಟಾ ಕಂಪೆನಿ ಇದೇ ವಂಶದ 8200 ಸಾಲಿನ ಮೆಷಿನ್‌ಗಳನ್ನು ಜಗತ್ತಿಗೆಲ್ಲ ಮಾರುತ್ತದೆ. ಸೀಕೋದವರೂ 4ಆರ್36ರ ಅವಳಿಯನ್ನು ಎನ್‌ಎಚ್36 ಎಂಬ ಹೆಸರಿನಲ್ಲಿ ಮಾರುತ್ತಾರೆ. ಯಾವುದೇ ಕೆಟ್ಟರೂ ಇಡೀ ಮೆಷಿನ್ ತರಿಸಿ ಬದಲಿಸಿದರಾಯಿತು. ಇದನ್ನು ಹೇಳಿದಾಗ ಅಜ್ಜ ಒಪ್ಪಲಿಲ್ಲ. ‘ಬದ್ಲಿಸೂದು ರಿಪೇರಿ ಅಲ್ಲ’ ಅಂದರು. ನನ್ನ ವೃತ್ತಿಯಲ್ಲಿ ಅದೇ ರಿಪೇರಿ, ಆದರೂ ಸುಮ್ಮನಾದೆ.

ಆಮೇಲೆ ಅವರಾಗಿಯೇ ಒಂದು ಮಾತು ಹೇಳಿದರು. ಎಕ್ಸೆಲ್ ಶೀಟನ್ನು ನಾನು ಮುಚ್ಚಿದ್ದು ಆ ಮಾತಿಗೆ. ‘ಮೆಷಿನ್ ನಾ ಮಾಡ್ಕೊಡ್ತೆ. ನೀರಿನ ಗ್ಯಾರಂಟಿ ಮಾತ್ರ ನನ್ ಹತ್ರ ಕೇಳ್ಬೇಡ. ನೀರು ತಡೆಯೂದು ಮೆಷಿನ್ ಅಲ್ಲ, ರಬ್ಬರ್ ರಿಂಗು. ಅದ್ನ ಪರೀಕ್ಷೆ ಮಾಡೂ ಯಂತ್ರ ಕುಮಟಾದಗೆ ಇಲ್ಲ.’

ಈ ರಿಂಗಿನ ಬಗ್ಗೆ ಸ್ವಲ್ಪ ಹೇಳಬೇಕು. ಡಯಲ್ ಮೇಲೆ ‘ವಾಟರ್ ರೆಸಿಸ್ಟ್’ ಅಂತ ಬರೆದಿರುವುದಕ್ಕೂ ‘ಡೈವರ್ಸ್ 200 ಮೀಟರ್’ ಅಂತ ಬರೆದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದನ್ನು ಬರೆಯಬೇಕಾದರೆ ಐಎಸ್‌ಒ 6425 ಎಂಬ ಅಂತಾರಾಷ್ಟ್ರೀಯ ಮಾನದಂಡ ದಾಟಬೇಕು. ಬರೆದ ಆಳಕ್ಕಿಂತ ಕಾಲು ಭಾಗ ಹೆಚ್ಚಿನ ಒತ್ತಡ ತಡೆಯಬೇಕು, ಉಪ್ಪುನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ಇದ್ದು ಬರಬೇಕು, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಓದಲು ಬರಬೇಕು. ಅಪ್ಪನ ಸೀಕೋ ಫೈವ್ ಮೊದಲನೇ ಜಾತಿಯದು. ಕೈತೊಳೆಯಲು, ಮಳೆಗೆ ಸಾಕು. ನಾನು ನೋಡಿದ ಎರಡೂ ಎರಡನೇ ಜಾತಿಯವು. ಓರಿಯಂಟ್ ಕಂಪೆನಿಯ ಕಮಾಸು ಎಂಬ ಚಂದದ ವಾಚನ್ನು ನಾನು ಬಿಟ್ಟದ್ದು ಇದೇ ಕಾರಣಕ್ಕೆ. ಅದರದ್ದು ಗೀರು ಬೀಳದ ಸಫೈರ್ ಗಾಜು, ಬೆಲೆಯೂ ಕಡಿಮೆ, ಆದರೆ ಡಯಲ್ ಮೇಲೆ ‘ಡೈವರ್ಸ್’ ಎಂಬ ಪದ ಇಲ್ಲ.

ತಮ್ಮ ಇಳಿಯುವುದು ಹೆಚ್ಚೆಂದರೆ ಹದಿನೆಂಟು ಇಪ್ಪತ್ತು ಮೀಟರ್. 200 ಮೀಟರಿನ ವಾಚಿಗೆ ಅದು ಮೊಣಕಾಲು ನೀರು. ಆದರೆ ಆ ಮಾತು ವಾಚು ಹೊಸದಾಗಿದ್ದಾಗ ಮಾತ್ರ. ಹಿಂಬದಿಯ ಮುಚ್ಚಳದಲ್ಲಿ ಒಂದು, ಕೀ ಕೊಡುವ ತಿರುಪಿನಲ್ಲಿ ಒಂದು, ಗಾಜಿನ ಸುತ್ತ ಒಂದು, ಹೀಗೆ ನೀರು ತಡೆಯುವ ಸಣ್ಣ ಸಣ್ಣ ರಿಂಗುಗಳು ವರ್ಷ ಕಳೆದ ಹಾಗೆ ಒಣಗುತ್ತವೆ, ಚಪ್ಪಟೆಯಾಗುತ್ತವೆ. ಉಪ್ಪು, ಸೋಪು, ಬಿಸಿನೀರು ಎಲ್ಲವೂ ಅವಕ್ಕೆ ಶತ್ರು. ಮುಚ್ಚಳ ತೆಗೆದಾಗಲೆಲ್ಲ ರಿಂಗು ನೋಡಿ, ಬೇಕಾದರೆ ಬದಲಿಸಿ, ಸಿಲಿಕೋನ್ ಗ್ರೀಸ್ ಹಚ್ಚಬೇಕು. (ತೆಂಗಿನೆಣ್ಣೆ ಅಲ್ಲ. ನಮ್ಮೂರಲ್ಲಿ ಇದನ್ನು ಒತ್ತಿ ಹೇಳಬೇಕು.) ಆಮೇಲೆ ಒತ್ತಡದ ಪರೀಕ್ಷೆ. ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಅಜ್ಜ ತೋರಿಸಿದರು. ವಾಚನ್ನು ಕೈ ಸುಡದಷ್ಟು ಬೆಚ್ಚಗೆ ಮಾಡಿ, ಗಾಜಿನ ಮೇಲೆ ಒಂದು ತೊಟ್ಟು ತಣ್ಣೀರು ಬಿಟ್ಟು, ಒಂದು ನಿಮಿಷ ಬಿಟ್ಟು ಒರೆಸಿ ನೋಡುವುದು. ಗಾಜಿನ ಒಳಗೆ ಮಂಜು ಕಟ್ಟಿದರೆ ತೇವ ಒಳಗೆ ಹೋಗಿದೆ ಅಂತ. ಐಎಸ್‌ಒ ಕಾಗದದಲ್ಲೂ ಹೆಚ್ಚುಕಡಿಮೆ ಇದೇ ಪರೀಕ್ಷೆ ಇದೆ ಅಂದಾಗ ಅಜ್ಜನಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಅವ್ರೂ ಯಾರೋ ರಿಪೇರಿಯವ್ರನ್ನ ಕೇಳಿರ್ತ್ರು.’

ಒಂದು ಭಾನುವಾರ ತಮ್ಮನನ್ನು ಕರೆದುಕೊಂಡು ಭಟ್ಕಳಕ್ಕೆ ಹೋದೆ. ಎರಡನ್ನೂ ಕೈಗೆ ಕಟ್ಟಿ ನೋಡದೆ ತೀರ್ಮಾನ ಆಗುವುದಿಲ್ಲ ಅನ್ನಿಸಿತ್ತು. ಅಂಗಡಿಯವರು ಒಳ್ಳೆಯವರು. ಟರ್ಟಲ್ ತೋರಿಸಿದರು. ಸುಳ್ಳು ಯಾಕೆ, ನನ್ನ ಮನಸ್ಸು ಅಲ್ಲೇ ಜಾರಿತು. 1976ರಿಂದ 1988ರವರೆಗೆ ಸೀಕೋ ಮಾಡುತ್ತಿದ್ದ ಹಳೆಯ ಡೈವಿಂಗ್ ವಾಚಿನ ಆಕಾರವನ್ನೇ ಮತ್ತೆ ತಂದದ್ದು ಅದು. ಅಗಲ ಸುಮಾರು 45 ಮಿಲಿಮೀಟರ್. ಹೊಟ್ಟೆ ಉಬ್ಬಿದ ಆಮೆ ಬಂಡೆ ಮೇಲೆ ಕೂತ ಹಾಗೆ ಕೈ ಮೇಲೆ ಕೂರುತ್ತದೆ. ಕತ್ತಲಲ್ಲಿ ಹೊಳೆಯುವ ಚುಕ್ಕೆಗಳಂತೂ ಮಿಂಚುಹುಳದ ಮರ. ‘ಗ್ಯಾರಂಟಿ?’ ಅಂತ ಕೇಳಿದೆ. ‘ಅಂಗಡಿದು ಕೊಡ್ತೇವೆ ಸರ್, ಕಂಪೆನಿದು ಇಲ್ಲ. ಹೊರಗಿಂದ ಬಂದ ಮಾಲು’ ಅಂತ ಅವರೇ ನೇರವಾಗಿ ಹೇಳಿದರು. ಬೇರೆ ವಾಚಿಗೆ ಈ ಮಾತಿಗೆ ನಾನು ಬೆಲೆ ಕೊಡುತ್ತಿರಲಿಲ್ಲ. ನೀರಿನ ವಾಚಿಗೆ, ರಿಂಗಿನ ಹೊಣೆ ಯಾರದು ಎಂಬುದೇ ಮುಖ್ಯ.

ಇನ್ನೊಂದನ್ನು ತಮ್ಮನೇ ಕಂಡುಹಿಡಿದ. ಟರ್ಟಲ್ ಕಟ್ಟಿಕೊಂಡು ಅಂಗಡಿಯ ನೆಲಕ್ಕೆ ಎರಡೂ ಕೈ ಊರಿದ. ಅಂಗಡಿಯವರು ಗಾಬರಿಯಾದರು. ‘ಬೋಟಿಗೆ ಹತ್ತೂದು ಹೀಗೇ’ ಅಂದ. ಸೀಕೋದ ತಿರುಪು ನಾಲ್ಕು ಗಂಟೆಯ ಜಾಗದಲ್ಲಿದೆ. ಮೂರರಲ್ಲಿ ಇರುವುದಕ್ಕಿಂತ ವಾಸಿ, ಆದರೂ ಮಣಿಕಟ್ಟು ಪೂರ್ತಿ ಮಡಚಿದಾಗ ಅಷ್ಟು ದೊಡ್ಡ ವಾಚು ಅಂಗೈ ಹಿಂಭಾಗಕ್ಕೆ ಒತ್ತುತ್ತಿತ್ತು. ತಮ್ಮನ ಕೈ ಸಪೂರ. ಸಿಟಿಜನ್ನಿನ ತಿರುಪು ಇರುವುದು ಎಂಟು ಗಂಟೆಯ ಜಾಗದಲ್ಲಿ, ಅಂದರೆ ಕೈಯ ಆಚೆ ಬದಿಗೆ. ಚಿತ್ರದಲ್ಲಿ ನೋಡಿದಾಗ ಎಡಗೈಯವನು ತಪ್ಪಾಗಿ ಜೋಡಿಸಿದ ಹಾಗೆ ಕಂಡಿತ್ತು. ಸಿಲಿಂಡರ್ ಎತ್ತುವವನಿಗೆ, ಹಗ್ಗ ಎಳೆಯುವವನಿಗೆ ಅದರ ಅರ್ಥ ಕೂಡಲೇ ಆಗುತ್ತದೆ. ಅಗಲವೂ ಸುಮಾರು 42 ಮಿಲಿಮೀಟರ್, ಹಗುರ.

ಕೊನೆಗೆ ಬೆಲೆ. ನಾನು ವಿಚಾರಿಸಿದ ಕಡೆಗಳಲ್ಲಿ ಸೀಕೋ ಹತ್ತು ಸಾವಿರಕ್ಕಿಂತಲೂ ಹೆಚ್ಚು ದುಬಾರಿ. ಆ ಹತ್ತು ಸಾವಿರ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದಾಗ ಉತ್ತರ ಸ್ಪಷ್ಟವಾಗಿತ್ತು. ಆಟೋಮ್ಯಾಟಿಕ್ ವಾಚು ಎಷ್ಟೇ ಒಳ್ಳೆಯದಿರಲಿ, ಸಾರಜನಕದ ಲೆಕ್ಕ ಅದಕ್ಕೆ ಬರುವುದಿಲ್ಲ. ಅದು ಎರಡನೇ ಕಾವಲು. ಮೊದಲನೇ ಕಾವಲು ತಮ್ಮನದೇ ಆದ, ಬಾಡಿಗೆಯದಲ್ಲದ ಡೈವ್ ಕಂಪ್ಯೂಟರ್. ಉಳಿದ ದುಡ್ಡು ಅದಕ್ಕೆ. ಸಿಟಿಜನ್ ಆಯ್ಕೆಯಾದದ್ದು ಹೀಗೆ. ಎಚ್‌ಎಂಟಿ ನೆನಪಿಗಾಗಿ ಅಲ್ಲ, ಆದರೆ ಅಜ್ಜನ ಹತ್ತಿರ ಹಾಗೆಂದೇ ಹೇಳಿದ್ದೇನೆ.

ಬೆಂಗಳೂರಿನಲ್ಲಿ ಕಂಪೆನಿಯ ಗ್ಯಾರಂಟಿ ಇರುವ ಅಂಗಡಿಯಿಂದ ಕೊಂಡು, ಚೌತಿ ಹಬ್ಬಕ್ಕೆ ಊರಿಗೆ ಹೋದಾಗ ಕೊಟ್ಟೆ. ‘ಇಷ್ಟು ದುಡ್ಡಿನ ವಾಚು ಕಟ್ಕಂಡು ನೀರಿಗೆ ಇಳಿತ್ಯನಾ?’ ಅಂದಳು ಆಯಿ. ಸಮಾಧಾನಕ್ಕೆ ಒಂದು ಕತೆ ಹೇಳಿದೆ. 1983ರಲ್ಲಿ ಆಸ್ಟ್ರೇಲಿಯಾದ ಕಡಲತೀರದಲ್ಲಿ ಸಿಟಿಜನ್ನಿನ ಒಂದು ಡೈವಿಂಗ್ ವಾಚು ಮೈತುಂಬ ಚಿಪ್ಪು ಅಂಟಿಸಿಕೊಂಡು ಸಿಕ್ಕಿತ್ತು, ಆಗಲೂ ಓಡುತ್ತಿತ್ತು ಎಂದು ಕಂಪೆನಿ ಹೇಳಿಕೊಳ್ಳುತ್ತದೆ. ಅಲೆಗಳೇ ಅದಕ್ಕೆ ಕೀ ಕೊಟ್ಟಿರಬೇಕು. ಆಯಿಗೆ ವಾಚಿಗಿಂತ ಅದನ್ನು ಕಳೆದುಕೊಂಡವನ ಚಿಂತೆಯಾಯಿತು. ‘ಅವ ಎಂತಾದ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಅಪ್ಪ ವಾಚನ್ನು ಕೈಗೆ ತೆಗೆದುಕೊಂಡು, ಕನ್ನಡಕ ಮೇಲೆ ಸರಿಸಿ, ಗಾಜಿನ ಸುತ್ತಲಿನ ಬಳೆಯನ್ನು ತಿರುಗಿಸುತ್ತಿದ್ದರು. ‘ಇದು ಒಂದೇ ಬದಿಗೆ ಎಂತಕ್ಕೆ ತಿರುಗ್ತು?’ ಅಂತ ಕೇಳಿದ್ದು ನನ್ನನ್ನಲ್ಲ, ತಮ್ಮನನ್ನು.

ತಮ್ಮ ಪಕ್ಕದಲ್ಲಿ ಕೂತು ತೋರಿಸಿದ. ನೀರಿಗೆ ಇಳಿಯುವಾಗ ಬಳೆಯ ಮೇಲಿನ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಡುವುದು. ಆಮೇಲೆ ಮುಳ್ಳು ಬಳೆಯ ಮೇಲೆ ಎಲ್ಲಿದೆ ಎಂದು ನೋಡಿದರೆ ಎಷ್ಟು ನಿಮಿಷ ಆಯಿತು ಅಂತ ಗೊತ್ತಾಗುತ್ತದೆ. ಕೆಳಗೆ ಬಂಡೆಗೋ ಹಗ್ಗಕ್ಕೋ ತಾಗಿ ಬಳೆ ಜಾರಿದರೂ ಅದು ಎಡಕ್ಕೆ ಮಾತ್ರ ಜಾರುತ್ತದೆ. ಹಾಗೆ ಜಾರಿದರೆ ಇದ್ದದ್ದಕ್ಕಿಂತ ಹೆಚ್ಚು ನಿಮಿಷ ಆದ ಹಾಗೆ ಕಾಣುತ್ತದೆ, ಕಡಿಮೆ ಆದ ಹಾಗೆ ಯಾವತ್ತೂ ಕಾಣುವುದಿಲ್ಲ.

‘ಅಂದ್ರೆ ತಪ್ಪಿದ್ರೂ ಬೇಗ ಮೇಲೆ ಬಪ್ಪ ಹಾಂಗೇ ತಪ್ತು’ ಅಂದರು ಅಪ್ಪ. ಮತ್ತೆ ಎರಡು ಸಲ ತಿರುಗಿಸಿದರು. ಆಮೇಲೆ ಐದು ಮೀಟರಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಯಾಕೆ, ಜೊತೆಗಿದ್ದವರಿಗೆ ಕೈಸನ್ನೆ ಹೇಗೆ ಮಾಡುತ್ತಾರೆ, ಕೆಳಗೆ ಚಳಿ ಆಗುತ್ತದಾ ಅಂತ ಒಂದೊಂದಾಗಿ ಕೇಳುತ್ತಾ ಹೋದರು. ಮಾಸ್ತರರ ಪ್ರಶ್ನೆಗಳು, ಕೊನೆ ಬೆಂಚಿನವನೂ ಉತ್ತರ ಹೇಳಬೇಕು. ನಾನು ಮತ್ತು ಆಯಿ ಒಳಗೆ ಹೋಗಿ ಚಕ್ಕುಲಿ ಡಬ್ಬಿ ತೆಗೆದೆವು.

ಈಗ ವಾಚು ತಮ್ಮನ ಕೈಯಲ್ಲಿದೆ. ಚರ್ಮದ ಬೆಲ್ಟ್ ನಮ್ಮ ಮಳೆಗಾಲಕ್ಕೆ ವಾರದೊಳಗೆ ಬೂಸ್ಟು ಹಿಡಿಯುತ್ತದೆ, ಹಾಗಾಗಿ ರಬ್ಬರ್ ಬೆಲ್ಟೇ ಇರಲಿ ಅಂದೆ. ಬೆಲ್ಟಿನ ಪಿನ್ನು ತುಕ್ಕು ಹಿಡಿಯುವುದು ಬೇಗ, ಅದನ್ನು ಸೀಸನ್ನಿಗೊಮ್ಮೆ ಅಜ್ಜ ಬದಲಿಸಿ ಕೊಡುತ್ತಾರೆ. ಕಡಲಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ಬೇಸಿಗೆಯಲ್ಲಿ ಹೊಳೆ ಪಕ್ಕದ ಬಾವಿಯೇ ಉಪ್ಪಾಗುವುದರಿಂದ ಆಗ ಕುಡಿಯುವ ನೀರಿನಲ್ಲೇ. ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ಬೋಟು ದಡದಲ್ಲಿರುವಾಗ, ನಾನು ಅದನ್ನು ಬೆಂಗಳೂರಿಗೆ ಒಯ್ದು ರಿಂಗು ನೋಡಿಸಿ ಒತ್ತಡ ಪರೀಕ್ಷೆ ಮಾಡಿಸಿಕೊಂಡು ಬರಬೇಕೆಂದು ಒಪ್ಪಂದ. ಡೈವ್ ಕಂಪ್ಯೂಟರಿಗೆ ಇನ್ನೂ ಸ್ವಲ್ಪ ದುಡ್ಡು ಕೂಡಬೇಕಿತ್ತು. ಮೊನ್ನೆ ಫೋನು ಮಾಡಿದಾಗ ತಮ್ಮ ಹೇಳಿದ, ಅಪ್ಪ ಪೆನ್ಶನ್ನಿನಿಂದ ಆರು ಸಾವಿರ ತೆಗೆದು ಮೇಜಿನ ಮೇಲೆ ಇಟ್ಟರಂತೆ. ಅಡಿಯಲ್ಲಿ ಒಂದು ಚೀಟಿ ಇತ್ತಂತೆ, ‘ಬ್ಯಾಟರಿ ನೋಡಿ ತಗೊಳ್ಳುವುದು’ ಅಂತ.